ಎರೆ ಮಣ್ಣಿನಲ್ಲಿ ಇಂಗುಗುಂಡಿ ಇಂಗುತ್ತಿಲ್ಲ: ಇನ್ನೂ ಆಳಕ್ಕೆ ತೋಡಿಸಬೇಕೆ?

ಪ್ರಶ್ನೆ

ನಮ್ಮ ಮನೆ ಗದಗ ಸಮೀಪದ ಹಳ್ಳಿಯೊಂದರ ಅಂಚಿನಲ್ಲಿದೆ. ಒಳಚರಂಡಿ ಇಲ್ಲ, ನೆಲ ಅಪ್ಪಟ ಎರೆ ಮಣ್ಣು. ಸೆಪ್ಟಿಕ್ ಟ್ಯಾಂಕಿನ ನೀರು ಹತ್ತು ಅಡಿ ಆಳದ ಇಂಗುಗುಂಡಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆಯಾದರೂ ಮಳೆ ಹಿಡಿದರೆ ಗುಂಡಿ ಬಾಯಿವರೆಗೆ ತುಂಬಿ ಶೌಚಾಲಯದ ನೀರು ಹಿಂದಕ್ಕೆ ಬರುತ್ತದೆ. ಈ ವರ್ಷ ಎರಡು ಬಾರಿ ಗಾಡಿ ಕರೆಸಿ ಖಾಲಿ ಮಾಡಿಸಿದರೂ ವಾರದೊಳಗೆ ಮತ್ತೆ ತುಂಬಿತು. ಇಪ್ಪತ್ತು ಅಡಿಗೆ ಇಳಿಸಿದರೆ ಸರಿಹೋಗುತ್ತದೆ ಎಂದು ಗೌಂಡಿ ಹೇಳುತ್ತಾರೆ. ಗುಂಡಿಯಿಂದ ಮೂವತ್ತು ಅಡಿ ದೂರದಲ್ಲಿ ನಮ್ಮ ಕೊಳವೆಬಾವಿ ಇದೆ. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ 1

ದಯವಿಟ್ಟು ಆಳಕ್ಕೆ ತೋಡಿಸಬೇಡಿ. ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬಿ ಆ ಬಿರುಕುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಿಮ್ಮ ಗುಂಡಿ ಕೆಲಸ ಮಾಡಿದಂತೆ ಕಂಡದ್ದು ಬಿರುಕುಗಳ ದಯೆಯಿಂದ. ಆದ್ದರಿಂದ ಒಣ ನೆಲದಲ್ಲಿ ಪರೀಕ್ಷಿಸಿದರೆ ಮೋಸ ಹೋಗುತ್ತೀರಿ. ಸಣ್ಣ ಕುಳಿ ತೋಡಿ, ರಾತ್ರಿಯಿಡೀ ನೀರು ನಿಲ್ಲಿಸಿ, ಮರುದಿನ ನೀರು 2.5 ಸೆಂ.ಮೀ. ಇಳಿಯಲು ಎಷ್ಟು ನಿಮಿಷ ಬೇಕೆಂದು ಅಳೆಯಿರಿ. 60 ನಿಮಿಷ ಮೀರಿದರೆ ಆ ನೆಲ ಇಂಗಿಸುವುದಕ್ಕೆ ತಕ್ಕುದಲ್ಲ ಎಂಬುದು ಸೆಪ್ಟಿಕ್ ಟ್ಯಾಂಕುಗಳ ಕುರಿತ ಭಾರತೀಯ ಮಾನಕ ಐ.ಎಸ್. 2470ರ ನಿಲುವು. ಅದೇ ಮಾನಕ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು ಅರವತ್ತು ಅಡಿ ಅಂತರ ಕೇಳುತ್ತದೆ; ನಿಮ್ಮದು ಅದರ ಅರ್ಧ. ಆಳ ಹೆಚ್ಚಿಸಿದರೆ ಕೊಳೆನೀರನ್ನು ಅಂತರ್ಜಲದ ಹತ್ತಿರಕ್ಕೆ ಒಯ್ದಂತಾಗುತ್ತದೆ. ಕೊಳವೆಬಾವಿಯ ನೀರನ್ನು ಈಗಲೇ ಪರೀಕ್ಷೆಗೆ ಕೊಡಿ, ಅಲ್ಲಿಯವರೆಗೆ ಕುದಿಸಿ ಕುಡಿಯಿರಿ.

ಉತ್ತರ 2

ನವಲಗುಂದದ ಕಡೆ ನಮ್ಮದೂ ಇದೇ ಕಥೆ. ಇಂಗಿಸುವ ಆಸೆ ಬಿಟ್ಟು, ಟ್ಯಾಂಕಿನ ಪಕ್ಕ ಜಲ್ಲಿ ತುಂಬಿದ ಸೋಸುತೊಟ್ಟಿ ಕಟ್ಟಿಸಿದೆವು. ನೀರು ತಳದಿಂದ ಒಳಬಂದು ಕಲ್ಲುಗಳ ನಡುವೆ ಮೇಲೇರುವಾಗ ಅವುಗಳಿಗೆ ಅಂಟಿದ ಸೂಕ್ಷ್ಮಾಣುಗಳು ಕೊಳೆಯನ್ನು ಅರಗಿಸುತ್ತವೆ, ವಿದ್ಯುತ್ ಬೇಡ. ಅಲ್ಲಿಂದ ಹೊರಬಿದ್ದ ನೀರು ತಳಕ್ಕೆ ಕಾಂಕ್ರೀಟ್ ಹಾಕಿದ ಜಲ್ಲಿಪಾತಿಗೆ ಹೋಗುತ್ತದೆ, ಅದರಲ್ಲಿ ಕಾಬಾಳೆ ಬೆಳೆದಿದೆ. ರೋಗಾಣುಗಳು ಪೂರ್ತಿ ಹೋಗುವುದಿಲ್ಲವಾದ್ದರಿಂದ ಆ ನೀರನ್ನು ಸೊಪ್ಪು ತರಕಾರಿಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಗಿಡಗಳು ಹೀರುವುದು ಕಡಿಮೆ, ಹೀಗಾಗಿ ಹೆಚ್ಚುವರಿ ನೀರಿಗೆ ಒಂದು ದಾರಿ ಇರಲೇಬೇಕು. ರಸ್ತೆಬದಿಯ ಗಟಾರಕ್ಕೆ ಬಿಡುವ ಮುನ್ನ ಪಂಚಾಯ್ತಿಯಲ್ಲಿ ಕೇಳಿಕೊಳ್ಳಿ. ಬಚ್ಚಲು ನೀರನ್ನು ಬೇರೆ ಪಾತಿಗೆ ತಿರುಗಿಸಿದ್ದರಿಂದ ನಮ್ಮ ಟ್ಯಾಂಕಿನ ಹೊರೆಯೂ ಬಹಳ ಇಳಿಯಿತು.

ಪ್ರಶ್ನೆ ಕೇಳಿದವರು

ಅಳೆದು ನೋಡಿದೆ. ಎರಡು ಗಂಟೆ ಕಳೆದರೂ ನೀರು 2.5 ಸೆಂ.ಮೀ. ಇಳಿಯಲಿಲ್ಲ. ಸೋಸುತೊಟ್ಟಿಯನ್ನೇ ಕಟ್ಟಿಸುತ್ತೇನೆ. ಹಳೆಯ ಗುಂಡಿಯನ್ನು ಏನು ಮಾಡಲಿ?

ಉತ್ತರ 1

ಗಾಡಿಯಿಂದಲೇ ಹೀರಿಸಿ ಬರಿದು ಮಾಡಿ, ಕಲ್ಲು ಮತ್ತು ಗರಸು ತುಂಬಿ ಮುಚ್ಚಿಸಿ. ತಳದ ರಾಡಿ ತೆಗೆಯಲೆಂದು ಯಾರನ್ನೂ ಒಳಗಿಳಿಸಬೇಡಿ. ಒಳಗಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ, ಕೈಯಿಂದ ಮಲ ಬಳಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು ಅಪರಾಧವೂ ಹೌದು.