ಅಪ್‌ಡೇಟ್: ಮಾಡೆಲ್ ಕಟ್ಟೋಕೆ ಏನೇನು ಸಾಮಾನು ಬೇಕು ಅಂತ ಕೇಳಿದ್ದೆ

1/72 ಅಳತೆಯ (ಅಂದರೆ ನಿಜವಾದದ್ದರ 72ನೇ ಒಂದು ಭಾಗದಷ್ಟು ಉದ್ದದ) ಸ್ಪಿಟ್‌ಫೈರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್ ತಂದು, ಯಾವ ಟೂಲ್ಸ್ ಕೊಳ್ಳಲಿ ಅಂತ ಕೇಳಿದ್ದೆ, ನೆನಪಿದೆಯಾ? ಮುಗಿಯಿತು. ರೆಕ್ಕೆಯ ತುದಿಯಿಂದ ತುದಿಗೆ ಹದಿನೈದೂವರೆ ಸೆಂಟಿಮೀಟರ್, ಅಷ್ಟೇ. ಆದರೆ ನನ್ನ ಮೇಜು ಪೂರ್ತಿ ಅದಕ್ಕೇ ಹೋಗಿತ್ತು!

ನೀವು ಹೇಳಿದ ಹಾಗೆ ದೊಡ್ಡ ಸೆಟ್ ಬಿಟ್ಟು ಬಿಡಿಬಿಡಿಯಾಗಿ ಕೊಂಡೆ. ಪ್ಲಾಸ್ಟಿಕ್ ಚೂರುಗಳನ್ನು ಕತ್ತರಿಸುವ ನಿಪ್ಪರ್, ಹಾಬಿ ನೈಫ್, ಚಿಮಟ, 400 ಮತ್ತು 1000 ನಂಬರ್ ಉಪ್ಪುಕಾಗದ, ಎರಡು ಬ್ರಷ್. ನಿಪ್ಪರ್‌ಗೆ ಮಾತ್ರ ಸ್ವಲ್ಪ ಜಾಸ್ತಿ ದುಡ್ಡು ಹಾಕಿದೆ. ಉಗುರು ಕತ್ತರಿಯಲ್ಲಿ ಕತ್ತರಿಸಿದ ಮೊದಲ ಎರಡು ಚೂರು ಬಿರುಕು ಬಿಟ್ಟಿದ್ದವು, ಅದಕ್ಕೆ.

ಒಂದು ಎಡವಟ್ಟು ಮಾಡಿದೆ. ಕಾಕ್‌ಪಿಟ್ ಗಾಜನ್ನು ಸೂಪರ್ ಗ್ಲೂನಲ್ಲಿ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಮಂಜು ಮುಸುಕಿದ ಹಾಗೆ ಬೆಳ್ಳಗಾಗಿತ್ತು. ಆ ಅಂಟಿನ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಕೂತು ಹೀಗಾಗುತ್ತದಂತೆ. ಅಲ್ಲಿಗೆ ಮಕ್ಕಳ ಬಿಳಿ ಫೆವಿಕಾಲೇ ಸಾಕಿತ್ತು. ಉಳಿದ ಭಾಗಗಳಿಗೆ ಮಾಡೆಲ್ ಸಿಮೆಂಟ್ ಸರಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ.

ಬಣ್ಣಕ್ಕೆ ಮೊದಲು ಹಾಕುವ ಪ್ರೈಮರ್ ಸ್ಪ್ರೇ ಮಾಡಲು ಮಳೆ ನಿಲ್ಲುವವರೆಗೆ ಕಾದೆ. ಆಮೇಲೆ ಅಕ್ರಿಲಿಕ್ ಬಣ್ಣ, ನೀರು ಬೆರೆಸಿ ತೆಳುವಾಗಿ ಮೂರು ಕೋಟ್. ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಉಪಕರಣ) ಸದ್ಯಕ್ಕೆ ಬೇಡ ಅಂದಿರಲ್ಲ, ಥ್ಯಾಂಕ್ಸ್. ಆ ದುಡ್ಡಲ್ಲಿ ಒಂದು ಟ್ಯಾಂಕ್ ಕಿಟ್ ಬಂದಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.