ತಂಗಡಿ ಎಲೆ ಸಾರ: ಎಂಟಿಟಿಯಲ್ಲಿ (ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಕೋಶಗಳು 130% ಬದುಕಿವೆ ಅಂತ ಬರುತ್ತಿದೆ, ಯಾಕೆ?

ಪ್ರಶ್ನೆ (ದಾವಣಗೆರೆ)
ಚಿತ್ರದುರ್ಗ ಕಡೆಯ ತಂಗಡಿ ಎಲೆ. ನೆರಳಲ್ಲಿ ಒಣಗಿಸಿ, 50 ಗ್ರಾಂ ಪುಡಿಯಿಂದ ಸಾಕ್ಸ್‌ಲೆಟ್‌ನಲ್ಲಿ ಮೆಥನಾಲ್ ಸಾರ ತೆಗೆದಿದೆ. ಡಿಎಂಎಸ್‌ಓ ದ್ರಾವಕದಲ್ಲಿ ಸ್ಟಾಕ್ (ಮೂಲ ದ್ರಾವಣ) 100 ಮಿ.ಗ್ರಾಂ/ಮಿ.ಲೀ. ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶ, ಪ್ಲೇಟಿನ ಪ್ರತಿ ವೆಲ್‌ಗೆ (ಗುಳಿಗೆ) 8,000, ಸಾರದೊಂದಿಗೆ 48 ಗಂಟೆ. ಸಾರ 100 ಮೈಕ್ರೋಗ್ರಾಂ/ಮಿ.ಲೀ.ವರೆಗೆ ಬದುಕಿರುವ ಪ್ರಮಾಣ ಇಳಿಯುತ್ತದೆ. 250, 500ಕ್ಕೆ ಹೋದರೆ ಮತ್ತೆ ಏರಿ, ಸಾರ ಹಾಕದ ಕೋಶಗಳಿಗೆ ಹೋಲಿಸಿದರೆ 130% ದಾಟುತ್ತದೆ. ಆದರೆ ಮೈಕ್ರೋಸ್ಕೋಪಿನಲ್ಲಿ ಅದೇ ವೆಲ್‌ಗಳ ಕೋಶಗಳು ಗುಂಡಗಾಗಿ ತೇಲುತ್ತಿವೆ. ಯಾವುದನ್ನು ನಂಬುವುದು?

ಉತ್ತರ 1
ಮೈಕ್ರೋಸ್ಕೋಪನ್ನೇ ನಂಬಿ. ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಮಾಡುವುದು ಬದುಕಿರುವ ಕೋಶವೊಂದೇ ಅಲ್ಲ, ಟ್ಯಾನಿನ್, ಫ್ಲೇವನಾಯ್ಡ್‌ಗಳೂ ಅದನ್ನು ನೇರವಾಗಿ ಅಪಕರ್ಷಿಸುತ್ತವೆ (ಎಲೆಕ್ಟ್ರಾನ್ ಕೊಟ್ಟು ನೇರಳೆಯಾಗಿಸುತ್ತವೆ). ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದದ್ದೇ ಟ್ಯಾನಿನ್ ಬಲದಿಂದ. ಎಲೆಯಲ್ಲೂ ಪಾಲಿಫಿನಾಲ್ (ಟ್ಯಾನಿನ್, ಫ್ಲೇವನಾಯ್ಡ್‌ಗಳು ಸೇರುವ ಗುಂಪು) ಇದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಕೋಶ ಹಾಕದ ವೆಲ್‌ಗಳಲ್ಲಿ ಮೀಡಿಯಂ (ಕೋಶ ಬೆಳೆಸುವ ದ್ರವ), ಸಾರ, ಎಂಟಿಟಿ ಇಷ್ಟೇ ಇಡಿ, ಪ್ರತಿ ಡೋಸಿಗೆ ಮೂರು ವೆಲ್. ನಾಲ್ಕು ಗಂಟೆ ಬಿಟ್ಟು 570 ನ್ಯಾನೊಮೀಟರಿನಲ್ಲಿ ಬಣ್ಣದ ಗಾಢತೆ ಓದಿ. ನೇರಳೆ ಬಂದರೆ ಉತ್ತರ ಸಿಕ್ಕಿತು. ಆ ಅಂಕಿಯನ್ನು ಕಳೆದುಬಿಟ್ಟರಾಯಿತು ಅಂದುಕೊಳ್ಳಬೇಡಿ. ಕೋಶ ಇರುವ ವೆಲ್‌ನಲ್ಲಿ ಸಾರದ ಒಂದಷ್ಟು ಭಾಗ ಕೋಶದೊಳಗೆ ಹೋಗಿರುತ್ತದೆ, ಲೆಕ್ಕ ಸರಿಹೊಂದುವುದಿಲ್ಲ. ಎಂಟಿಟಿ ಹಾಕುವ ಮುಂಚೆ ಸಾರವಿರುವ ಮೀಡಿಯಂ ತೆಗೆದು, ಪಿಬಿಎಸ್‌ನಲ್ಲಿ (ಕೋಶಕ್ಕೆ ಒಗ್ಗುವ ಉಪ್ಪಿನ ದ್ರಾವಣ) ಎರಡು ಸಲ ತೊಳೆದು, ಹೊಸ ಮೀಡಿಯಂನಲ್ಲಿ 0.5 ಮಿ.ಗ್ರಾಂ/ಮಿ.ಲೀ. ಎಂಟಿಟಿ ಕೊಡಿ. ಸಡಿಲವಾಗಿ ಅಂಟಿದ ಜೀವಂತ ಕೋಶಗಳೂ ತೊಳೆದು ಹೋಗುವ ಅಪಾಯವಿದೆ, ಹಾಗಾಗಿ ಪ್ಲೇಟನ್ನು ಮೊದಲು ಸೆಂಟ್ರಿಫ್ಯೂಜ್ ಮಾಡಿ.

ಎಸ್‌ಆರ್‌ಬಿ ವಿಧಾನದಲ್ಲೂ (ಕೋಶದ ಪ್ರೋಟೀನಿಗೆ ಬಣ್ಣ ಹಿಡಿಸಿ ಅಳೆಯುವುದು) ಒಮ್ಮೆ ನೋಡಿ. 100 ಮೈಕ್ರೋಲೀಟರ್ ಮೀಡಿಯಂ ಮೇಲೆ ತಣ್ಣನೆಯ 50% ಟಿಸಿಎ (ಕೋಶಗಳನ್ನು ತಳಕ್ಕೆ ಹಿಡಿದಿಡುವ ಆಮ್ಲ) 25 ಮೈಕ್ರೋಲೀಟರ್, 4 ಡಿಗ್ರಿಯಲ್ಲಿ ಒಂದು ಗಂಟೆ. ನೀರಲ್ಲಿ ತೊಳೆದು ಒಣಗಿಸಿ, 0.4% ಬಣ್ಣ ಅರ್ಧ ಗಂಟೆ, ಆಮೇಲೆ 1% ಅಸಿಟಿಕ್ ಆಮ್ಲದಲ್ಲಿ ತೊಳೆತ. ಟ್ಯಾನಿನ್‌ಗೆ ಸಿಕ್ಕಿ ಗಸಿಯಾದ ಸೀರಂ ಪ್ರೋಟೀನಿಗೂ ಈ ಬಣ್ಣ ಹಿಡಿಯುತ್ತದೆ. ಕೋಶವಿಲ್ಲದ ವೆಲ್ ಇಲ್ಲೂ ಬೇಕೇ ಬೇಕು.

ಉತ್ತರ 2
500 ಮೈಕ್ರೋಗ್ರಾಂ ಬಿಟ್ಟುಬಿಡಿ. ಅಷ್ಟು ಹಾಕಿದರೆ ಅಡುಗೆಮನೆಯ ಎಷ್ಟೋ ಸೊಪ್ಪೂ ಕೋಶ ಕೊಲ್ಲಬಹುದು. 100ರಿಂದ ಶುರುಮಾಡಿ ಅರ್ಧರ್ಧಕ್ಕೆ 3.12ರವರೆಗೆ ಆರು ಡೋಸ್ ಸಾಕು. ಕಚ್ಚಾ ಸಾರದ ಐಸಿ50 (ಬದುಕಿರುವ ಪ್ರಮಾಣವನ್ನು ಅರ್ಧಕ್ಕಿಳಿಸುವ ಡೋಸ್) ಸುಮಾರು 20-30 ಮೈಕ್ರೋಗ್ರಾಂ/ಮಿ.ಲೀ. ಒಳಗಿದ್ದರೆ ಮುಂದುವರಿಸಲು ಅರ್ಥವಿದೆ. ಹೋಲಿಕೆಗೆ ಕ್ಯಾನ್ಸರ್ ಔಷಧ ಡಾಕ್ಸೊರೂಬಿಸಿನ್‌ನ ವೆಲ್‌ಗಳೂ ಇರಲಿ, ಡಿಎಂಎಸ್‌ಓ ಮಾತ್ರದ ವೆಲ್‌ನಲ್ಲೂ ಸಾರದ ವೆಲ್‌ನಷ್ಟೇ ಪ್ರಮಾಣ ಇರಲಿ. ವೀರೋದಂಥ (ಕೋತಿಯ ಮೂತ್ರಪಿಂಡದ ಕೋಶ) ಕ್ಯಾನ್ಸರ್ ಅಲ್ಲದ ಕೋಶವೂ ಅಷ್ಟೇ ಡೋಸಿಗೆ ಸತ್ತರೆ ಅದು ಬರೀ ವಿಷ.

ಉತ್ತರ 3
ಎಲೆ ತಂದ ಜಾಗ ಯಾವುದು? ಇಂಗಳದಾಳದ ಹಳೇ ತಾಮ್ರದ ಗಣಿ ಸುತ್ತಲಿನದಾದರೆ ಗಿಡದಲ್ಲೂ ಎಲೆ ಮೇಲಿನ ದೂಳಲ್ಲೂ ತಾಮ್ರ ಇರಬಹುದು, ತಾಮ್ರವೇ ಕೋಶಕ್ಕೆ ವಿಷ. ಹೂ, ಕಾಯಿ ಸಮೇತ ಹರ್ಬೇರಿಯಂ ಮಾದರಿ (ಗುರುತಿಗಾಗಿ ಒಣಗಿಸಿಟ್ಟ ಗಿಡ) ಮಾಡಿಟ್ಟು ಸಂಖ್ಯೆ ಪಡೆಯಿರಿ. ಜೋಗಿಮಟ್ಟಿ ಅರಣ್ಯದಿಂದ ತರುವುದಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು.

ಪ್ರಶ್ನೆ ಕೇಳಿದವರು
ಜಾಗ ಹೊಲದ ಬದು ಸರ್, ಗಣಿಯಿಂದ ದೂರ. ಟ್ಯಾನಿನ್ ತೆಗೆದು ಮತ್ತೆ ನೋಡಬಹುದೇ?

ಉತ್ತರ 1
ನೋಡಲೇಬೇಕು. ಸಾರವನ್ನು ನೀರು ಬೆರೆಸಿದ ಮೆಥನಾಲ್‌ನಲ್ಲಿ ಕರಗಿಸಿ ಪಾಲಿಅಮೈಡ್ ಕಾಲಮ್‌ನಲ್ಲಿ ಹಾಯಿಸಿ, ಟ್ಯಾನಿನ್ ಅಲ್ಲೇ ನಿಲ್ಲುತ್ತದೆ. ಕೊಲ್ಲುವ ಶಕ್ತಿ ಅದರೊಂದಿಗೇ ಹೋದರೆ ಹೊಸ ಸಂಯುಕ್ತ ಹುಡುಕುತ್ತಾ ಕೂರಬೇಡಿ. ಉಳಿದರೆ ಹೆಕ್ಸೇನ್, ಈಥೈಲ್ ಅಸಿಟೇಟ್, ಬ್ಯೂಟನಾಲ್ ದ್ರಾವಕಗಳ ಕ್ರಮದಲ್ಲಿ ಬೇರ್ಪಡಿಸಿ. ಡಿಎಂಎಸ್‌ಓ ಸ್ಟಾಕ್ ಸೋಸಲು ಪಿಟಿಎಫ್‌ಇ ಫಿಲ್ಟರ್ ಬಳಸಿ, ಸೆಲ್ಯುಲೋಸ್ ಅಸಿಟೇಟ್ ಫಿಲ್ಟರ್ ಆದರೆ ಡಿಎಂಎಸ್‌ಓದಲ್ಲಿ ಕರಗಿ ವೆಲ್‌ಗೆ ಸೇರುತ್ತದೆ.