ಟೀಕೆ, ಖಂಡನೆ, ಛೀಮಾರಿ: ಯಾವುದು ಎಲ್ಲಿ? ಎದುರುಪದ ಯಾವುದು?

ಕರಡುಪ್ರತಿ:
ಸುದ್ದಿ ಬರಹ ತಿದ್ದುವಾಗ ಟೀಕೆ, ನಿಂದನೆ, ಖಂಡನೆ, ಛೀಮಾರಿ, ತರಾಟೆ ಎಲ್ಲವೂ ಒಂದರ ಜಾಗದಲ್ಲಿ ಇನ್ನೊಂದು ಕೂತಿರುತ್ತವೆ. ಇವುಗಳ ಗಡಿ ಎಲ್ಲಿ? ಹೊಗಳಿಕೆಯ ಕಡೆ ಇದೇ ತೂಕದ ಎದುರುಪದಗಳಿವೆಯೇ? ‘ಮಾನಹಾನಿ’, ‘ಅವಮಾನ’ ಎರಡೂ ಒಂದೇನಾ?

ನುಡಿಗಣ್ಣು:
ಏಟು ಯಾವುದರ ಮೇಲೆ ಬೀಳುತ್ತಿದೆ ಎಂದು ಮೊದಲು ನೋಡಿ. ಕೆಲಸದ ಮೇಲೆ ಬಿದ್ದರೆ ಟೀಕೆ, ವ್ಯಕ್ತಿಯ ಮೇಲೆ ಬಿದ್ದರೆ ನಿಂದೆ. ಖಂಡನೆಗೆ ಒಂದು ಕೃತ್ಯವೋ ಹೇಳಿಕೆಯೋ ಬೇಕು. ‘ದಾಳಿಯನ್ನು ಖಂಡಿಸಿದರು’ ಸರಿ. ‘ಸಚಿವರನ್ನು ಖಂಡಿಸಿದರು’ ಕುಂಟುತ್ತದೆ, ‘ಸಚಿವರ ಹೇಳಿಕೆಯನ್ನು’ ಎನ್ನಬೇಕು.

ಛೀಮಾರಿ ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ. ನ್ಯಾಯಾಲಯ ಅಧಿಕಾರಿಗೆ ಛೀಮಾರಿ ಹಾಕಬಹುದು, ಅಧಿಕಾರಿ ನ್ಯಾಯಾಲಯಕ್ಕೆ ಹಾಕಲಾರ. ತರಾಟೆಗೆ ಅಂಥ ಮೇಲು ಕೀಳಿಲ್ಲ, ಆದರೆ ಎದುರಾಎದುರು ನಿಂತಿರಬೇಕು: ‘ಗ್ರಾಮಸ್ಥರು ಶಾಸಕರನ್ನು ತರಾಟೆಗೆ ತೆಗೆದುಕೊಂಡರು’. ಊರಲ್ಲೇ ಇಲ್ಲದವರನ್ನು ತರಾಟೆಗೆ ತೆಗೆದುಕೊಂಡ ಸುದ್ದಿಗಳನ್ನು ಕಂಡರೆ ನಗು ಬರುತ್ತದೆ. ವಿಭಕ್ತಿಯೂ ಬೇರೆ. ಛೀಮಾರಿಗೆ ‘-ಗೆ’, ತರಾಟೆಗೆ ‘-ಅನ್ನು’. ‘ಅವರನ್ನು ಛೀಮಾರಿ ಮಾಡಿದರು’ ಎಂಬುದು ಎರಡನ್ನೂ ಕಲಸಿದ ತಪ್ಪು.

ಅಂದಹಾಗೆ ‘ಟೀಕೆ’ ಮೂಲದಲ್ಲಿ ಬೈಗುಳದ ಮಾತಲ್ಲ, ವ್ಯಾಖ್ಯಾನ. ಮಧ್ವಾಚಾರ್ಯರ ಗ್ರಂಥಗಳಿಗೆ ವ್ಯಾಖ್ಯಾನ ಬರೆದ ಜಯತೀರ್ಥರನ್ನು ಟೀಕಾಚಾರ್ಯರು ಎನ್ನುವುದು ಆ ಅರ್ಥದಲ್ಲೇ. ಇಂದು ಆ ಕೆಲಸವನ್ನು ‘ವಿಮರ್ಶೆ’ ಸ್ವಲ್ಪ ಮಟ್ಟಿಗೆ ಹೊತ್ತಿದೆ. ಗುಣ ದೋಷ ಎರಡನ್ನೂ ತೂಗಿದ ಬರಹಕ್ಕೆ ಟೀಕೆ ಎಂದು ಶೀರ್ಷಿಕೆ ಕೊಟ್ಟರೆ ಓದುಗ ತೆಗಳಿಕೆಯನ್ನೇ ನಿರೀಕ್ಷಿಸುತ್ತಾನೆ.

ಎದುರುಬದುರು:
ಎದುರುಪದಗಳಲ್ಲಿ ಸಲೀಸಾದ ಜೋಡಿ ಹೊಗಳು–ತೆಗಳು, ಅಚ್ಚಗನ್ನಡ. ಸ್ತುತಿ–ನಿಂದೆ, ಕೀರ್ತಿ–ಅಪಕೀರ್ತಿ, ಖ್ಯಾತಿ–ಕುಖ್ಯಾತಿ ಕೂಡ ತೊಂದರೆ ಕೊಡುವುದಿಲ್ಲ. ಯಶಸ್ಸು–ಅಪಯಶಸ್ಸು ಮಾತ್ರ ಬೇಡ. ಯಶಸ್ಸಿಗೆ ಕೀರ್ತಿ ಎಂಬ ಹಳೆಯ ಅರ್ಥ ಸವೆದು ಗೆಲುವು ಉಳಿದಿದೆ. ಅಪಯಶಸ್ಸನ್ನು ಜನ ಸೋಲು ಎಂದೇ ಓದುತ್ತಾರೆ.

ಖಂಡನೆಗೆ ಒಂದೇ ಎದುರುಪದ ಹುಡುಕಬೇಡಿ. ವಾದದಲ್ಲಿ ಅದಕ್ಕೆ ಮಂಡನೆ (ಖಂಡನ–ಮಂಡನ ಎಂಬ ಜೋಡಿಯೇ ಇದೆ), ಸರ್ಕಾರದ ತೀರ್ಮಾನದ ವಿಷಯದಲ್ಲಿ ಸ್ವಾಗತ. ಛೀಮಾರಿಗೆ ಹತ್ತಿರದ ಎದುರು ಶಹಬ್ಬಾಸ್‌ಗಿರಿ, ಬೆನ್ನು ತಟ್ಟುವುದು. ಅವೂ ಮೇಲಿನವರು ಕೆಳಗಿನವರಿಗೆ ಕೊಡುವಂಥವೇ. ಹಿರಿಯರ ಸಾಧನೆಗೆ ಕಿರಿಯರು ‘ಬೆನ್ನು ತಟ್ಟಿದರು’ ಎಂದು ಬರೆದರೆ ಅಧಿಕಪ್ರಸಂಗವಾಗುತ್ತದೆ, ಅಲ್ಲಿ ‘ಮೆಚ್ಚುಗೆ ಸೂಚಿಸಿದರು’ ಸಾಕು.

ಹೊಗಳಿಕೆಯೆಲ್ಲ ಒಳ್ಳೆಯದೂ ಅಲ್ಲ. ಮುಖಸ್ತುತಿ ಎಂದರೆ ಲಾಭಕ್ಕಾಗಿ ಎದುರಿಗೆ ಹೊಗಳುವುದು. ‘ಹೊನ್ನಶೂಲಕ್ಕೇರಿಸು’ ಎಂದರೆ ಹೊಗಳಿ ಹೊಗಳಿಯೇ ಕೆಡಿಸುವುದು. ಹೊಗಳಿಕೆಯನ್ನು ಹೊನ್ನಶೂಲವೆಂದ ಮಾತು ಬಸವಣ್ಣನ ವಚನದಲ್ಲೇ ಇದೆ. ನಿಂದಾಸ್ತುತಿ ಇದರ ತಿರುಗುಮುರುಗು: ಬಾಯಲ್ಲಿ ಬೈಗುಳ, ಒಳಗೆ ಭಕ್ತಿ. ವ್ಯಂಗ್ಯವಾಗಿ ಹೊಗಳಿ ಚುಚ್ಚುವುದಕ್ಕೆ ಅದನ್ನು ಬಳಸುವುದು ಪೂರ್ತಿ ತಪ್ಪು.

ಕಲಂಪುಟ:
ಅವಮಾನ ಒಂದು ಅನುಭವ, ನಾಲ್ಕು ಗೋಡೆಯೊಳಗೆ ಇಬ್ಬರೇ ಇದ್ದಾಗಲೂ ಆಗಬಹುದು. ಮಾನಹಾನಿಗೆ ಮೂರನೆಯವರ ಕಿವಿಗೋ ಕಣ್ಣಿಗೋ ಮಾತು ತಲುಪಿರಬೇಕು, ಏಕೆಂದರೆ ಅಲ್ಲಿ ಕೆಡುವುದು ಜನರ ನಡುವಿನ ಹೆಸರು. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಹಳೆಯ ದಂಡ ಸಂಹಿತೆಯ 499, 500 ಅಲ್ಲ. ಗರಿಷ್ಠ 2 ವರ್ಷದ ಸಾದಾ ಸೆರೆ, ದಂಡ, ಅಥವಾ ಎರಡೂ. ಸಮುದಾಯ ಸೇವೆಗೂ ಈಗ ಅವಕಾಶವಿದೆ.

‘ನ್ಯಾಯಾಂಗ ನಿಂದನೆ’ಯಲ್ಲಿ ನಿಂದನೆ ಬರೀ ಬೈಗುಳವಲ್ಲ. ಆದೇಶವನ್ನು ಬೇಕೆಂದೇ ಪಾಲಿಸದಿರುವುದೂ 1971ರ ಕಾಯ್ದೆಯಡಿ ನಿಂದನೆಯೇ. ಹಾಗಾಗಿ ‘ನ್ಯಾಯಾಲಯವನ್ನು ನಿಂದಿಸಿದ ಅಧಿಕಾರಿ’ ಎಂದು ಬಿಡಿಸಿ ಬರೆದರೆ ಸುದ್ದಿಯೇ ಸುಳ್ಳಾಗಬಹುದು.

ಕಳಂಕ ತೊಳೆಯುವ ಪದಗಳಲ್ಲಿ ಇನ್ನೂ ಹೆಚ್ಚು ಎಡವಟ್ಟು. ತನಿಖಾ ಸಂಸ್ಥೆ ‘ತಪ್ಪು ಕಂಡಿಲ್ಲ’ ಎಂದರೆ ಅದು ಕ್ಲೀನ್ ಚಿಟ್. ವಿಚಾರಣೆ ಮುಗಿಸಿ ನ್ಯಾಯಾಲಯ ಬಿಟ್ಟರೆ ಖುಲಾಸೆ. ಮೊದಲನೆಯದಕ್ಕೆ ಎರಡನೆಯದನ್ನು ಬರೆಯಬಾರದು.

ಕರಡುಪ್ರತಿ:
ವಿಧಾನಸಭೆಯ ‘ಖಂಡನಾ ನಿರ್ಣಯ’ವೂ ‘ಅವಿಶ್ವಾಸ ನಿರ್ಣಯ’ವೂ ಒಂದೇನಾ?

ಕಲಂಪುಟ:
ಬೇರೆ. ಖಂಡನಾ ನಿರ್ಣಯಕ್ಕೆ ಕಾರಣ ಹೇಳಬೇಕು, ಒಬ್ಬ ಸಚಿವರ ಮೇಲೂ ತರಬಹುದು. ಅಂಗೀಕಾರವಾದರೂ ಸರ್ಕಾರ ರಾಜೀನಾಮೆ ಕೊಡಲೇಬೇಕೆಂದಿಲ್ಲ. ಅವಿಶ್ವಾಸ ಇಡೀ ಸಂಪುಟದ ಮೇಲೆ, ಗೆದ್ದರೆ ಸರ್ಕಾರ ಹೋಗುತ್ತದೆ. ಅವಿಶ್ವಾಸಕ್ಕೆ ಎದುರು ವಿಶ್ವಾಸಮತ. ಖಂಡನಾ ನಿರ್ಣಯಕ್ಕೆ ಎದುರಾಗಿ ‘ಅಭಿನಂದನಾ ನಿರ್ಣಯ’ ಬರೆಯಬಹುದು, ‘ವಂದನಾ ನಿರ್ಣಯ’ ಬೇಡ. ಅದು ರಾಜ್ಯಪಾಲರ ಭಾಷಣಕ್ಕೆ ಮೀಸಲು.